ಗ್ಲಯೋಟಾಕ್ಸಿನ್ ಯಾರ ವಿಷ? ವೈಂಡ್ಲಿಂಗ್ ಕಂಡ ಶಿಲೀಂಧ್ರದ ಗುರುತು

ಬೇರುಕೊಳೆಗೆ ಟ್ರೈಕೋಡರ್ಮಾ ಬಳಸುವ ಪದ್ಧತಿಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಒಂದೇ ವಾಕ್ಯದಿಂದ ತೊಡಗುತ್ತಾರೆ: ‘1932ರಲ್ಲಿ ವೈಂಡ್ಲಿಂಗ್, ಟ್ರೈಕೋಡರ್ಮಾ ವಿರಿಡೆಯು ಗ್ಲಯೋಟಾಕ್ಸಿನ್ ಎಂಬ ವಿಷ ಸ್ರವಿಸಿ ರೈಜೋಕ್ಟೋನಿಯಾವನ್ನು ಕೊಲ್ಲುವುದನ್ನು ಕಂಡುಹಿಡಿದರು.’ ಪಿಎಚ್.ಡಿ. ಪ್ರಬಂಧಗಳ ಎರಡನೇ ಅಧ್ಯಾಯದಲ್ಲಿ ಈ ವಾಕ್ಯ ನಾಂದಿಪದ್ಯದಂತೆ ಬಂದು ಕೂರುತ್ತದೆ. ನನ್ನ ಪ್ರಬಂಧದಲ್ಲೂ ಇತ್ತು. ಹಿಂದಿನವರೊಬ್ಬರಿಂದ ಎತ್ತಿಕೊಂಡಿದ್ದೆ, ಅವರು ಅವರ ಹಿಂದಿನವರಿಂದ ಎತ್ತಿಕೊಂಡಿದ್ದರು. ಮೂಲ ಲೇಖನಗಳನ್ನು ತೆರೆದು ನೋಡಿದರೆ ಈ ವಾಕ್ಯದಲ್ಲಿ ವರ್ಷವೂ ಸರಿಯಿಲ್ಲ, ಶಿಲೀಂಧ್ರವೂ ಸರಿಯಿಲ್ಲ.

ವರ್ಷದ ವಿಚಾರವನ್ನು ಬೇಗ ಮುಗಿಸಬಹುದು. ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನ ಸಿಟ್ರಸ್ ಪ್ರಯೋಗ ಕೇಂದ್ರದಲ್ಲಿದ್ದ ರಿಚರ್ಡ್ ವೈಂಡ್ಲಿಂಗ್ 1932ರಲ್ಲಿ ‘ಫೈಟೋಪೆಥಾಲಜಿ’ ಪತ್ರಿಕೆಯಲ್ಲಿ ವರ್ಣಿಸಿದ್ದು ಪರಾವಲಂಬನೆಯನ್ನು. ಒಂದು ಶಿಲೀಂಧ್ರದ ಎಳೆ ಇನ್ನೊಂದರ ಎಳೆಗೆ ಬಳ್ಳಿ ಹಬ್ಬಿದಂತೆ ಸುತ್ತಿಕೊಂಡು ಅದನ್ನು ಹೀರುವ ಕ್ರಿಯೆ ಅದು. ಕೊಲ್ಲುವ ಪದಾರ್ಥವೊಂದಿದೆ ಎಂಬ ಮಾತು ಬಂದದ್ದು 1934ರಲ್ಲಿ. ರಸಾಯನಶಾಸ್ತ್ರಜ್ಞ ಎಮರ್ಸನ್ ಜೊತೆ ಸೇರಿ ಆ ಪದಾರ್ಥವನ್ನು ಬೇರ್ಪಡಿಸಿದ್ದು 1936ರಲ್ಲಿ. ಅದೇ ವರ್ಷ ಫಾಸೆಟ್ ಜೊತೆ ಪ್ರಕಟಿಸಿದ ಲೇಖನ ನಿಂಬೆ ಜಾತಿಯ ಗಿಡಗಳ ಸಸಿಕೊಳೆ ರೋಗವನ್ನು ಕುರಿತದ್ದು. ಮಣ್ಣನ್ನು ಆಮ್ಲೀಯಗೊಳಿಸಿದರೆ ರೋಗ ಹತೋಟಿಗೆ ಬರುತ್ತದೆ ಎಂದು ಅದು ತೋರಿಸಿತು. ಆ ವಿಷ ಆಮ್ಲದಲ್ಲಿ ಉಳಿಯುತ್ತದೆ, ಕ್ಷಾರದಲ್ಲಿ ಬೇಗ ಕೆಡುತ್ತದೆ. ನಾಲ್ಕು ವರ್ಷಗಳಲ್ಲಿ ಹಂತ ಹಂತವಾಗಿ ನಡೆದ ಕೆಲಸವನ್ನು 1932ರ ತಲೆಗೇ ಕಟ್ಟುವುದು ಸೋಮಾರಿತನ, ಅಷ್ಟೆ.

ಶಿಲೀಂಧ್ರದ ಗುರುತು ಅಷ್ಟು ಸುಲಭವಾಗಿ ತೀರುವಂಥದಲ್ಲ. ವೈಂಡ್ಲಿಂಗ್ 1932ರಲ್ಲಿ ಬರೆದ ಹೆಸರು ಟ್ರೈಕೋಡರ್ಮಾ ಲಿಗ್ನೋರಮ್. ‘ಲಿಗ್ನೋರಮ್ ಎಂದರೂ ವಿರಿಡೆ ಎಂದರೂ ಒಂದೇ, ಹಳೆಯ ಹೆಸರನ್ನು ಹೊಸದಾಗಿ ಬರೆದರೆ ತಪ್ಪೇನು?’ ಎಂಬ ಸಮಜಾಯಿಷಿಯುಂಟು. ಈ ಸಮೀಕರಣ ಎಲ್ಲಿಂದ ಬಂತೆಂದು ಕೇಳಬೇಕು. ಪೆರ್ಸೂನ್ 1794ರಲ್ಲಿ ಟ್ರೈಕೋಡರ್ಮಾ ಕುಲವನ್ನು ಸ್ಥಾಪಿಸಿದಾಗ ಅದರೊಳಗೆ ನಾಲ್ಕು ಪ್ರಭೇದಗಳನ್ನಿಟ್ಟಿದ್ದ. 1939ರಲ್ಲಿ ಬಿಸ್ಬಿ, ಈ ಕುಲದಲ್ಲಿರುವುದು ವಿರಿಡೆ ಎಂಬ ಒಂದೇ ಪ್ರಭೇದ ಎಂದು ತೀರ್ಪು ಕೊಟ್ಟರು. ಅಲ್ಲಿಂದ ಮುಂದೆ ಮಣ್ಣಿನಿಂದ ಎತ್ತಿದ ಯಾವ ಹಸಿರು ಬೂಷ್ಟಾದರೂ ವಿರಿಡೆಯೇ ಆಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕ ಸೈನ್ಯದ ಹತ್ತಿಬಟ್ಟೆಯ ಸಾಮಗ್ರಿಯನ್ನು ತಿಂದುಹಾಕಿದ ಶಿಲೀಂಧ್ರವೂ ಇದೇ ಗಡಿಗೆಗೆ ಬಿತ್ತು. ಅದನ್ನು ಹೊರಗೆ ತೆಗೆದು ಟ್ರೈಕೋಡರ್ಮಾ ರೀಸೈ ಎಂದು ಬೇರೆ ಹೆಸರಿಡಲು 1977 ಬರಬೇಕಾಯಿತು.

ಆದರೆ ಬಿಸ್ಬಿಯ ತೀರ್ಪಿಗೆ ಎರಡು ವರ್ಷ ಮೊದಲೇ, 1937ರಲ್ಲಿ, ವೈಂಡ್ಲಿಂಗ್ ತಮ್ಮ ತಪ್ಪನ್ನು ತಾವೇ ತಿದ್ದಿಕೊಂಡಿದ್ದರು. ವಿಷ ಕೊಡುವ ತಳಿ ಟ್ರೈಕೋಡರ್ಮಾ ಆಗಿರದೆ ಗ್ಲಯೋಕ್ಲೇಡಿಯಂ ಫಿಂಬ್ರಿಯೇಟಮ್ ಎಂದು ಬರೆದರು. ಲೇಖನದ ಶೀರ್ಷಿಕೆಯಲ್ಲೇ ಎರಡೂ ಕುಲಗಳ ಹೆಸರಿವೆ. ಶೀರ್ಷಿಕೆಯಷ್ಟನ್ನೇ ಓದಿದ್ದರೂ ಅನುಮಾನ ಹುಟ್ಟಬೇಕಿತ್ತು. ಅದೂ ಬೇಡ, ವಿಷದ ಹೆಸರನ್ನಾದರೂ ಬಿಡಿಸಿ ನೋಡಬಹುದಿತ್ತು. ಗ್ಲಯೋಟಾಕ್ಸಿನ್‌ನಲ್ಲಿರುವ ‘ಗ್ಲಯೋ’ ಬಂದದ್ದು ಗ್ಲಯೋಕ್ಲೇಡಿಯಂನಿಂದ. ಗ್ರೀಕಿನಲ್ಲಿ ಅದಕ್ಕೆ ಅಂಟು ಎಂದರ್ಥ. ಬೀಜಕಗಳು ಅಂಟಿನ ಹನಿಯೊಳಗೆ ಗುಂಪುಗೂಡಿರುವ ಕುಲವಾದ್ದರಿಂದ ಆ ಹೆಸರು. ಟ್ರೈಕೋಡರ್ಮಾದ ವಿಷಕ್ಕೆ ಯಾರಾದರೂ ನೆರೆಮನೆಯ ಹೆಸರಿಡುತ್ತಾರೆಯೆ?

ಈ ತಿದ್ದುಪಡಿಯನ್ನು ಅಳಿಸಿದವರು ಇಂಗ್ಲೆಂಡಿನ ಬ್ರಯನ್. 1944ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ, ಗ್ಲಯೋಟಾಕ್ಸಿನ್ ಉತ್ಪಾದಿಸುವುದು ಟ್ರೈಕೋಡರ್ಮಾ ವಿರಿಡೆಯೇ ಎಂದು ಸಾರಿದರು. ಮರುವರ್ಷ ಮೆಕ್‌ಗವನ್ ಜೊತೆ ಇನ್ನೊಂದು ವಿಷವನ್ನು ಕಂಡು, ವಿರಿಡೆಯದೆಂದು ಅದಕ್ಕೆ ‘ವಿರಿಡಿನ್’ ಎಂದು ಹೆಸರಿಟ್ಟರು. ಬ್ರಯನ್ ಸಾಧಾರಣ ವಿಜ್ಞಾನಿಯಲ್ಲ. ಡಾರ್ಸೆಟ್‌ನ ವೇರ್‌ಹ್ಯಾಮ್ ಹೀತ್ ಮಣ್ಣಿನಲ್ಲಿ ಪೈನ್ ಸಸಿಗಳ ಬೇರಿಗೆ ಸ್ನೇಹಿ ಶಿಲೀಂಧ್ರಗಳು ಹತ್ತದಿರುವುದೇಕೆ ಎಂಬ ಒಗಟಿಗೆ, ಅಲ್ಲಿನ ಪೆನಿಸಿಲಿಯಂಗಳು ಸುರಿಸುವ ಗ್ಲಯೋಟಾಕ್ಸಿನ್ ಕಾರಣವಿರಬಹುದೆಂದು 1945ರಲ್ಲಿ ತೋರಿಸಿದ ತಂಡವೂ ಅವರದೇ. (ರೋಗಕಾರಕವನ್ನು ಕೊಲ್ಲುವ ಪದಾರ್ಥ ಬೇರಿನ ಗೆಳೆಯನನ್ನೂ ಬಿಡುವುದಿಲ್ಲ ಎಂಬ ಈ ಸಂಗತಿಯನ್ನು ನಮ್ಮ ಜೈವಿಕ ಗೊಬ್ಬರದ ಕೈಪಿಡಿಗಳು ಹೇಳುವುದು ಅಪರೂಪ.) ರಸಾಯನದಲ್ಲಿ ಅವರ ಕೈ ಪಳಗಿತ್ತು. ಗುರುತಿನ ವಿಷಯದಲ್ಲಿ ಮಾತ್ರ ಒಂದೇ ಪ್ರಭೇದದ ಆ ಸಿದ್ಧಾಂತದ ನೆರಳು ಅವರ ಮೇಲೆ ಬಿದ್ದಿತ್ತು. ಹಸಿರು ಬೂಷ್ಟಿಗೆಲ್ಲ ಒಂದೇ ಹೆಸರೆಂದು ಒಪ್ಪಿಕೊಂಡ ಮೇಲೆ ಮತ್ತೇನು ಬರೆಯಲು ಸಾಧ್ಯವಿತ್ತು?

ಉತ್ತರ ಬಂದದ್ದು 1964ರಲ್ಲಿ. ವೆಬ್‌ಸ್ಟರ್ ಮತ್ತು ಲೋಮಸ್ ತಮ್ಮ ಲೇಖನಕ್ಕೆ ಪ್ರಶ್ನೆಯನ್ನೇ ತಲೆಬರಹ ಮಾಡಿದರು: ಟ್ರೈಕೋಡರ್ಮಾ ವಿರಿಡೆ ಗ್ಲಯೋಟಾಕ್ಸಿನ್ ಮತ್ತು ವಿರಿಡಿನ್ ಉತ್ಪಾದಿಸುತ್ತದೆಯೆ? ಅವರ ನಿರ್ಣಯದಂತೆ ವೈಂಡ್ಲಿಂಗ್ ತಳಿಯೂ ಬ್ರಯನ್ ತಳಿಯೂ ಗ್ಲಯೋಕ್ಲೇಡಿಯಂ ವೈರೆನ್ಸ್. ಜಾರ್ಜಿಯಾ ಸಂಸ್ಥಾನದ ಮಣ್ಣಿನಿಂದ 1957ರಲ್ಲಿ ವರ್ಣಿತವಾದ ಪ್ರಭೇದವಿದು. ನಿಜವಾದ ವಿರಿಡೆಯ ಬೀಜಕ ದುಂಡಗೆ, ಮೈತುಂಬ ನರುಲಿಗಳಿಂದ ಒರಟಾಗಿರುತ್ತದೆ. ವೈರೆನ್ಸ್‌ನದು ಮೊಟ್ಟೆಯಾಕಾರ, ನುಣುಪು. ನಾಲ್ಕು ಮೈಕ್ರಾನ್ ಆಸುಪಾಸಿನ ಕಣದ ಮೇಲಿನ ನರುಲಿ ಅವಸರದ ಕಣ್ಣಿಗೆ ಬೀಳದು. (ಕೊಬ್ಬರಿ ವಾಸನೆ ಬಂದರೆ ವಿರಿಡೆ ಎನ್ನುವವರು ಈಗಲೂ ಇದ್ದಾರೆ. ಅದೇ ವಾಸನೆ ಆಟ್ರೋವಿರಿಡೆಗೂ ಉಂಟು. ಮೂಗಿನಿಂದ ವರ್ಗೀಕರಣ ನಡೆಯುವುದಿಲ್ಲ.) ವೆಬ್‌ಸ್ಟರ್ ಅವರ ಶಿಷ್ಯ, ಇಂಡೊನೇಷ್ಯಾದ ರಿಫಾಯ್, 1969ರಲ್ಲಿ ಟ್ರೈಕೋಡರ್ಮಾವನ್ನು ಒಂಬತ್ತು ಪ್ರಭೇದ ಸಮೂಹಗಳಾಗಿ ವಿಂಗಡಿಸಿದ ಮೇಲೆ ಬಿಸ್ಬಿಯ ಗಡಿಗೆ ಒಡೆದಂತಾಯಿತು. ಆದರೆ ವಿರಿಡಿನ್ ಎಂಬ ಹೆಸರು ಉಳಿಯಿತು. ಒಂದು ವಿಷದ ಹೆಸರಿನಲ್ಲಿ ವೈಂಡ್ಲಿಂಗ್ ಅವರ ತಿದ್ದುಪಡಿ, ಇನ್ನೊಂದರ ಹೆಸರಿನಲ್ಲಿ ಬ್ರಯನ್ ಅವರ ತಪ್ಪು, ಎರಡೂ ಇಂದಿಗೂ ಅಚ್ಚಾಗುತ್ತಿವೆ.

ನನ್ನ ವಾದಕ್ಕೆ ಒಂದು ತೊಡಕಿದೆ, ಅದನ್ನು ಮುಚ್ಚಿಡಲಾರೆ. 1987ರಲ್ಲಿ ಫಾನ್ ಆರ್ಕ್ಸ್ ಈ ವೈರೆನ್ಸ್ ಅನ್ನು ಟ್ರೈಕೋಡರ್ಮಾ ಕುಲಕ್ಕೆ ವರ್ಗಾಯಿಸಿದರು. ಮುಂದೆ ಡಿಎನ್‌ಎ ಅಧ್ಯಯನಗಳೂ ಅದನ್ನು ಎತ್ತಿಹಿಡಿದವು. ಎಂದರೆ, ಕುಲದ ಮಟ್ಟದಲ್ಲಿ ವೈಂಡ್ಲಿಂಗ್ 1932ರಲ್ಲಿ ಬರೆದದ್ದು ಸರಿಯಿತ್ತು, 1937ರಲ್ಲಿ ತಿದ್ದಿದ್ದು ತಪ್ಪಿತ್ತು! ಹಾಗಾದರೆ ಬ್ರಯನ್ ಗೆದ್ದರು ಎನ್ನುವವರಿಗೆ ನಾನು ಹೇಳುವುದಿಷ್ಟು: ಬ್ರಯನ್ ಸಾಧಿಸಹೊರಟದ್ದು ವಿರಿಡೆ ಎಂಬ ಪ್ರಭೇದವನ್ನು, ಅದು ಬಿದ್ದುಹೋಗಿದೆ. ವೈಂಡ್ಲಿಂಗ್ ಸಾಧಿಸಿದ್ದು ‘ಇದು ಆ ಸಾಮಾನ್ಯ ಹಸಿರು ಬೂಷ್ಟಲ್ಲ, ಬೇರೆಯದು’ ಎಂಬುದನ್ನು, ಅದು ನಿಂತಿದೆ. ಎಳೆ ಸುತ್ತುವ ಪರಾವಲಂಬನೆಯನ್ನು ತೋರಿದ್ದು ಯಾವ ತಳಿ ಎಂಬುದನ್ನು ಮಾತ್ರ ವಿಷದ ಸಾಕ್ಷ್ಯವೊಂದರಿಂದಲೇ ತೀರ್ಮಾನಿಸಲಾಗದು. ಆ ಗುಣ ಈ ಕುಲದ ಹಲವರಿಗಿದೆ.

ವಿಷವೇ ಕೊಲೆಗಾರ ಎಂಬ ಕಥೆಯೂ ಮೊದಲಿನಷ್ಟು ಗಟ್ಟಿಯಾಗಿಲ್ಲ. ಟೆಕ್ಸಾಸ್‌ನಲ್ಲಿ ಹೊವೆಲ್ ಹತ್ತಿ ಸಸಿಗಳ ಮೇಲೆ ದಶಕಗಳ ಕಾಲ ದುಡಿದು, ಪರಾವಲಂಬನೆಯ ಶಕ್ತಿ ಕಳೆದುಕೊಂಡ ರೂಪಾಂತರಿಗಳೂ, ಪ್ರತಿಜೀವಕ ಕೊಡಲಾರದವೂ ರೈಜೋಕ್ಟೋನಿಯಾವನ್ನು ತಡೆಯುತ್ತವೆಂದು ತೋರಿಸಿದರು. 2000ದ ಲೇಖನದಲ್ಲಿ ಅವರ ತಂಡ ಕೊಟ್ಟ ವಿವರಣೆ: ವೈರೆನ್ಸ್ ತಗುಲಿದ ಹತ್ತಿಬೇರು ತಾನೇ ಟರ್ಪಿನಾಯ್ಡ್‌ಗಳನ್ನು ತಯಾರಿಸಿ ಕಾದಾಡುತ್ತದೆ. ಶಿಲೀಂಧ್ರ ಬೇರನ್ನು ಎಬ್ಬಿಸುತ್ತದೆ, ಕಾವಲಿನ ಹೆಚ್ಚಿನ ಪಾಲನ್ನು ಬೇರು ಮಾಡುತ್ತದೆ.

ಇನ್ನು ನಮ್ಮಲ್ಲಿಗೆ ಬರೋಣ. ಕಲಬುರಗಿಯ ಕಡಲೆಗೂ ಕೊಡಗಿನ ಮೆಣಸಿನ ಬಳ್ಳಿಗೂ ಟ್ರೈಕೋಡರ್ಮಾ ಹೊಸದಲ್ಲ. ಕೆ.ಜಿ. ಬೀಜಕ್ಕೆ 4 ಗ್ರಾಂ ಲೇಪಿಸುವುದು, ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿಯಲ್ಲಿ ಬೆರೆಸಿ ಬುಡಕ್ಕೆ ಹಾಕುವುದು ರೈತರಿಗೆ ಬಾಯಿಪಾಠ. ಪೊಟ್ಟಣದ ಮೇಲೆ ಹೆಚ್ಚಾಗಿ ಕಾಣುವ ಹೆಸರು ವಿರಿಡೆ. ಆದರೆ ಆ ಹೆಸರಿನಿಂದ ಕರೆಯಲಾಗುತ್ತಿದ್ದ ಭಾರತದ ಹಲವು ತಳಿಗಳು ಡಿಎನ್‌ಎ ಪರೀಕ್ಷೆಯಲ್ಲಿ ಆಸ್ಪೆರೆಲ್ಲಮ್ ಎಂದು ಸಾಬೀತಾಗಿವೆ. 1999ರಲ್ಲಷ್ಟೇ ಹೆಸರು ಪಡೆದ ಪ್ರಭೇದವದು. ‘ತುಸು ಒರಟು’ ಎಂದು ಅದರರ್ಥ. ಬೀಜಕದ ಮೈಮೇಲಿನ ಒರಟು ಇಲ್ಲಿ ಇನ್ನೊಮ್ಮೆ ಜನರನ್ನು ದಾರಿ ತಪ್ಪಿಸಿದೆ. ಬೆಳೆಗೆ ಇದರಿಂದ ನಷ್ಟವಿಲ್ಲ, ಆಸ್ಪೆರೆಲ್ಲಮ್ ಒಳ್ಳೆಯ ಕೆಲಸಗಾರ. ನಷ್ಟವಾಗುವುದು ಸಾಹಿತ್ಯ ಸಮೀಕ್ಷೆಗೆ. ವೈರೆನ್ಸ್ ಮೇಲಿನ ಪ್ರಯೋಗದ ಫಲಿತಾಂಶವನ್ನು ವಿರಿಡೆಯ ಹೆಸರಿನಲ್ಲಿ ಉದ್ಧರಿಸಿ, ಅದರ ಬಲದ ಮೇಲೆ ಆಸ್ಪೆರೆಲ್ಲಮ್ ಪೊಟ್ಟಣವನ್ನು ಶಿಫಾರಸು ಮಾಡುವ ಪ್ರಬಂಧಗಳನ್ನು ನಾನು ಓದಿದ್ದೇನೆ, ಒಂದನ್ನು ಬರೆದೂ ಇದ್ದೇನೆ.