ಸೈನೈಡ್ ಗುಡ್ಡದ ಎದುರಿನ ಶಾಲೆ

ಕೋಲಾರ ಚಿನ್ನದ ಗಣಿಯಲ್ಲಿ ಮೇಷ್ಟ್ರಾಗಿದ್ದಷ್ಟು ವರ್ಷವೂ ನನ್ನ ತರಗತಿಯ ಕಿಟಕಿಗೆ ಎದುರಾಗಿ ಇದ್ದದ್ದು ಒಂದು ಬೂದುಬಣ್ಣದ ಗುಡ್ಡ. ಆಷಾಢದ ಗಾಳಿ ಎದ್ದರೆ ಅದರ ನೆತ್ತಿ ಹೊಗೆಯಾಡುತ್ತಿತ್ತು. ಮಕ್ಕಳು ಬಾಗಿಲು, ಕಿಟಕಿ ಮುಚ್ಚಿಕೊಂಡೇ ಬುತ್ತಿ ಬಿಚ್ಚುತ್ತಿದ್ದರು. ಆದರೂ ತುತ್ತಿನಲ್ಲಿ ಹಲ್ಲಿಗೆ ಕಿರ್ರೆನ್ನುವ ಮರಳು. ಹಾಜರಿ ಪುಸ್ತಕದ ರಟ್ಟಿನ ಮೇಲೆ ಬೆರಳಾಡಿಸಿದರೆ ಗೆರೆ ಮೂಡುತ್ತಿತ್ತು. ಒಂದು ದಿನ ಐದನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು, "ಸಾರ್, ಆ ಗುಡ್ಡದ ಮೇಲೆ ಹುಲ್ಲು ಯಾಕೆ ಹುಟ್ಟಲ್ಲ?"

"ಅದು ದೇವರು ಮಾಡಿದ ಗುಡ್ಡ ಅಲ್ಲಮ್ಮ, ನಿಮ್ಮ ತಾತಂದಿರು ಭೂಮಿಯಿಂದ ಎತ್ತಿ ಹಾಕಿದ್ದು" ಅಂದೆ. ಅವಳಿಗೆ ನಾನು ಕೊಟ್ಟದ್ದು ಅರ್ಧ ಉತ್ತರ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಗಣಿಯನ್ನು ಕೈಗೆತ್ತಿಕೊಂಡದ್ದು, 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂದದ್ದು, ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದದ್ದು, ಇದನ್ನೆಲ್ಲ ನಾನು ಪಾಠ ಮಾಡಿದ್ದೇನೆ. ಕಿಟಕಿಯಲ್ಲೇ ಕಾಣುವ ಗುಡ್ಡ ಹೇಗೆ ಬೆಳೆಯಿತು ಎಂಬ ಪಾಠ ಮಾತ್ರ ನನ್ನ ಕೈಗೆ ಬಂದ ಯಾವ ಪುಸ್ತಕದಲ್ಲೂ ಇರಲಿಲ್ಲ.

ಮೇಲೆ ಬಂದ ಕಲ್ಲನ್ನು ಕುಟ್ಟಿ ಹಿಟ್ಟಿನಷ್ಟು ನುಣ್ಣಗೆ ಮಾಡುತ್ತಿದ್ದರು. ಮೊದಲು ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ಹರಿಸಿ ಸಿಕ್ಕಷ್ಟು ಚಿನ್ನ ಹಿಡಿಯುವುದು. ಆಮೇಲೆ, ಗ್ಲಾಸ್ಗೋದಲ್ಲಿ 1887ರಲ್ಲಿ ಕಂಡುಹಿಡಿದ ಸೈನೈಡ್ ವಿಧಾನ ಇಲ್ಲಿಗೂ ಬಂದ ಮೇಲೆ, ತಗಡಿಗೆ ಸಿಗದೆ ಉಳಿದದ್ದನ್ನೂ ಸೈನೈಡ್ ನೀರಿನಲ್ಲಿ ಕರಗಿಸಿ ತೆಗೆದರು. ಮಿಕ್ಕ ಕೆಸರನ್ನು ಪಕ್ಕದಲ್ಲೇ ಸುರಿದರು. ಅದು ಒಣಗಿತು, ಮತ್ತೆ ಸುರಿದರು.

ಹೀಗೆ ಸುಮಾರು 120 ವರ್ಷದಲ್ಲಿ ಚಿನ್ನ ಬಂದದ್ದು ಹೆಚ್ಚುಕಡಿಮೆ 800 ಟನ್. ಗುಡ್ಡಗಳಲ್ಲಿ ಬಿದ್ದಿರುವುದು ಸುಮಾರು 3.3 ಕೋಟಿ ಟನ್. ನಮ್ಮಮ್ಮನ ಕೊರಳಲ್ಲಿದ್ದದ್ದು ಒಂದು ಸವರನ್ ತಾಳಿ. ಎಂಟು ಗ್ರಾಂ. ಅಷ್ಟಕ್ಕೆ ಗುಡ್ಡದ ಪಾಲು ಎಷ್ಟು ಎಂದು ಲೆಕ್ಕ ಹಾಕಿದೆ: 330 ಕಿಲೋ. ಕ್ವಿಂಟಲ್ ತೂಗುವ ರಾಗಿ ಮೂಟೆಯಾದರೆ ಮೂರಕ್ಕೂ ಹೆಚ್ಚು. ದೇಶದಲ್ಲಿ ಎಷ್ಟೋ ಮನೆಗಳಿಗೆ ತಾಳಿ ಹೋಯಿತು, ಮೂಟೆಗಳೆಲ್ಲ ನಮ್ಮೂರಲ್ಲೇ ಉಳಿದವು.

ಜನ ಸೈನೈಡ್ ಗುಡ್ಡ ಎಂದು ಕರೆದರೂ, ಸೈನೈಡು ಬಿಸಿಲು ಗಾಳಿಗೆ ಕಾಲಕ್ರಮೇಣ ಬಹುಪಾಲು ಒಡೆದುಹೋಗುವ ವಸ್ತು. ಹಾಗೆ ಹೋಗದೆ ಉಳಿಯುವುದು ಕಲ್ಲಿನ ನುಣುಪು ಪುಡಿ. ಭೂಮಿಯೊಳಗೆ ಕಾರ್ಮಿಕರ ಎದೆಗೂಡು ತಿಂದದ್ದು ಈ ಜಾತಿಯ ಧೂಳೇ. 1947ರಲ್ಲಿ ಪ್ರಕಟವಾದ ತಪಾಸಣೆಯಲ್ಲಿ ಇಲ್ಲಿನ 7,653 ಕಾರ್ಮಿಕರ ಪೈಕಿ ನೂರಕ್ಕೆ 43.7 ಮಂದಿಗೆ ಸಿಲಿಕೋಸಿಸ್ ಕಂಡುಬಂದಿತ್ತು. ಜೊತೆಗೆ ಪುಡಿಯಲ್ಲಿರುವ ಗಂಧಕದ ಅದಿರು ಮಳೆಗೆ ನೆನೆದು ಹುಳಿಯಾಗುತ್ತದೆ. ಗೊಬ್ಬರದ ಅಂಶವಿಲ್ಲ, ನೀರು ನಿಲ್ಲುವುದಿಲ್ಲ. ಹುಲ್ಲು ಹುಟ್ಟದ್ದಕ್ಕೆ ಕಾರಣ ಇಷ್ಟು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಗುಡ್ಡಗಳು ಸಿನಿಮಾದವರಿಗೆ ಬೇಕಾದವು, ಮಿಕ್ಕವರಿಗೆ ಬೇಡವಾದವು. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ 13 ಗುಡ್ಡಗಳಿಂದ, ಅಂದರೆ ಸಾವಿರಕ್ಕೂ ಹೆಚ್ಚು ಎಕರೆಯಿಂದ, ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿತು. ಸುದ್ದಿ ಕೇಳಿ ನನಗೂ ಸಂತೋಷವಾಯಿತು. ಕೆಲಸ ಸಿಗುತ್ತದೆ, ಗುಡ್ಡ ಹೋಗುತ್ತದೆ ಎಂದು ಊರೆಲ್ಲ ಮಾತಾಡಿತು.

ಗುಡ್ಡ ಹೋಗುವುದಿಲ್ಲ. ಆ ಪುಡಿಯಲ್ಲಿರುವ ಚಿನ್ನ ಟನ್ನಿಗೆ ಒಂದು ಗ್ರಾಮಿಗಿಂತ ಕಡಿಮೆ. ಅದನ್ನು ತೆಗೆದುಕೊಂಡು ಹೋದರೆ ಮಿಕ್ಕ ಟನ್ನು ಟನ್ನಾಗಿಯೇ ಇರುತ್ತದೆ. ಜೋಹಾನ್ಸ್‌ಬರ್ಗ್‌ನಲ್ಲಿ ಇಂಥ ದಿಬ್ಬಗಳನ್ನು ನೀರು ಹಾಯಿಸಿ ಕರಗಿಸಿ, ಚಿನ್ನ ತೆಗೆದು, ಊರೊಳಗಿನ ಜಾಗ ಬಿಡಿಸಿಕೊಂಡರು. ಕೆಸರು ಊರಾಚೆಯ ಇನ್ನೂ ದೊಡ್ಡ ದಿಬ್ಬಕ್ಕೆ ಸೇರಿತು. ನಮ್ಮದು ಯಾವ ಊರಿನ ಆಚೆಗೆ?

ನೆಲ ಸರಿಮಾಡುವುದು ನಮ್ಮ ಸೀಮೆಗೆ ಹೊಸ ವಿದ್ಯೆಯಲ್ಲ. ಬೇಸಿಗೆಯಲ್ಲಿ ಕೆರೆಗೋಡು ಹೊಡೆದು ಬರಡು ಹೊಲವನ್ನು ಎಬ್ಬಿಸಿದ ರೈತರ ಮಕ್ಕಳು ನಾವು. ಹುಳಿಗೆ ಸುಣ್ಣ ಬೆರೆಸಿ, ಇಳಿಜಾರು ತಗ್ಗಿಸಿ, ಮೇಲೆ ಗೋಡು ಹರಡಿ, ಲಾವಂಚದಂಥ ಗಟ್ಟಿ ಬೇರಿನ ಹುಲ್ಲು ಹಿಡಿಸಿದರೆ ಮೊದಲು ಧೂಳು ನಿಲ್ಲುತ್ತದೆ. ಮಣ್ಣು, ನೀರು ಎರಡನ್ನೂ ಪರೀಕ್ಷಿಸಿ ಫಲಿತಾಂಶವನ್ನು ಕನ್ನಡದಲ್ಲಿ, ತಮಿಳಿನಲ್ಲಿ ಬೋರ್ಡಿಗೆ ಹಾಕಬೇಕು. ಮೈದಾನ, ಮನೆ, ಕಾರ್ಖಾನೆಯ ಮಾತು ಅದಾದ ಮೇಲೆ.

ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆ, ಮಾರಿಕುಪ್ಪಂನ ಬಂಧುಗಳೇ, ಗುಡ್ಡಕ್ಕೆ ಯಾರೇ ಯಂತ್ರ ತಂದರೂ ಎರಡು ಮಾತು ಕೇಳಿ: ಚಿನ್ನ ತೆಗೆದ ಮೇಲಿನ ಪುಡಿಯನ್ನು ಎಲ್ಲಿಡುತ್ತೀರಿ, ನೆಲವನ್ನು ಯಾವ ವರ್ಷ ನಮಗೆ ವಾಪಸ್ ಕೊಡುತ್ತೀರಿ? ಉತ್ತರವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ.