ಕಲ್ಲಿಗೆ ಇಳಿದ ಕುಚೋದ್ಯ

ನಮ್ಮ ಲೋಕಾಪುರದ ಸುತ್ತ ಸುಣ್ಣದ ಕಲ್ಲಿಗೆ ಬರವಿಲ್ಲ. ಭೂಗರ್ಭಶಾಸ್ತ್ರದವರು ಇಲ್ಲಿಯ ಶಿಲಾಸ್ತರಕ್ಕೆ ಊರ ಹೆಸರನ್ನೇ ಇಟ್ಟಿದ್ದಾರೆ. ಸಿಮೆಂಟಿನವರು ಅದನ್ನು ಲಾರಿಗಟ್ಟಲೆ ಒಯ್ಯುತ್ತಾರೆ. ಇಂಥ ಜಾತಿಯ ಕಲ್ಲಿನ ಮೇಲೆ ಚಿತ್ರ ಬರೆದೇ ಫ್ರಾನ್ಸಿನ ರಾಜನ ಮಾನ ಕಳೆದರು ಎಂದು ಡ್ರಾಯಿಂಗ್ ಕ್ಲಾಸಿನಲ್ಲಿ ಹೇಳಿದರೆ ಹುಡುಗರು, “ಕೆತ್ತಾಕ ಎಷ್ಟ ದಿನ ಬೇಕ್ರಿ ಸರ?” ಎನ್ನುತ್ತಿದ್ದರು.

ಕೆತ್ತುವುದೇ ಇಲ್ಲ. ನುಣ್ಣಗೆ ತಿಕ್ಕಿದ ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆದು, ನೀರು ಸವರಿ, ಮಸಿ ಉರುಳೆ ಹಾಯಿಸಿದರೆ ಜಿಡ್ಡಿದ್ದಲ್ಲಿ ಮಾತ್ರ ಮಸಿ ಹಿಡಿಯುತ್ತದೆ. ತಾಮ್ರದ ತಗಡು ಕೊರೆಯುವ ದಿನಗಟ್ಟಲೆಯ ದುಡಿಮೆ ಉಳಿಯಿತು, ಖರ್ಚೂ ಉಳಿಯಿತು. 1798ರ ಹೊತ್ತಿಗೆ ಇದನ್ನು ಹದಕ್ಕೆ ತಂದ ಬವೇರಿಯಾದ ಸೆನೆಫೆಲ್ಡರ್ ನಾಟಕ ಬರೆಯುತ್ತಿದ್ದವನು. ಅವನ್ನು ಅಗ್ಗದಲ್ಲಿ ಅಚ್ಚು ಹಾಕಬೇಕೆಂದೇ ಹೊರಟಿದ್ದ.

ಪ್ಯಾರಿಸ್‌ನಲ್ಲಿ ಶಾರ್ಲ್ ಫಿಲಿಪೋನ್ 1830ರಲ್ಲಿ ‘ಲ ಕಾರಿಕಾತ್ಯೂರ್’, 1832ರಲ್ಲಿ ‘ಲೆ ಶಾರಿವಾರಿ’ ಪತ್ರಿಕೆ ತೆಗೆದ. ಅವನ ಬಳಗದ ಓನೊರೆ ದೋಮಿಯೆ ಲೂಯಿ ಫಿಲಿಪ್ ದೊರೆಯನ್ನು ಬಡವರ ತೆರಿಗೆ ನುಂಗುವ ಹೊಟ್ಟೆಬಾಕನನ್ನಾಗಿ ಬರೆದು ಆರು ತಿಂಗಳ ಜೈಲು ಶಿಕ್ಷೆ ಪಡೆದ. ಅಗ್ಗದ ಅಚ್ಚು ಎಂದಮಾತ್ರಕ್ಕೆ ಕೂಲಿಕಾರರು ಚಂದಾ ಕಟ್ಟಿದರು ಎಂದಲ್ಲ. ಅಷ್ಟು ದುಡ್ಡು ಅವರಲ್ಲೆಲ್ಲಿತ್ತು? ಈ ಚಿತ್ರಗಳನ್ನು ಮಾರುತ್ತಿದ್ದ ಓಬೆರ್ ಅಂಗಡಿಯ ಗಾಜಿನ ಕಿಟಕಿಗೆ ಹೊಸ ಚಿತ್ರ ಬಿತ್ತೆಂದರೆ ಜನ ಮುಗಿಬೀಳುತ್ತಿದ್ದರು. ನೋಡುವುದಕ್ಕೆ ಕಾಸೂ ಬೇಡ, ಅಕ್ಷರವೂ ಬೇಡ. ಸರ್ಕಾರ ಹೆದರಿದ್ದು ಇದಕ್ಕೇ. 1835ರ ಸೆಪ್ಟೆಂಬರ್ ಕಾನೂನು ಬರಹವನ್ನು ಅಚ್ಚಿಗೆ ಮುನ್ನ ತೋರಿಸಬೇಕೆನ್ನಲಿಲ್ಲ. ಚಿತ್ರಕ್ಕೂ ನಾಟಕಕ್ಕೂ ಮೊದಲೇ ಪರವಾನಗಿ ಬೇಕೆಂದಿತು.

ರಾಜನನ್ನು ಮುಟ್ಟುವಂತಿಲ್ಲವೆಂದಾಗ ಕುಚೋದ್ಯ ಸಮಾಜದ ಕಡೆ ತಿರುಗಿತು. ರೋಬೆರ್ ಮಕೇರ್ ಎಂಬ ಠಕ್ಕ ರಂಗದ ಪಾತ್ರ; ಆ ನಾಟಕಕ್ಕೆ ನಿಷೇಧ ಬಿತ್ತು. ದೋಮಿಯೆ 1836ರಿಂದ ಅವನನ್ನು ಕಲ್ಲಿಗೆ ಇಳಿಸಿದ: ಒಮ್ಮೆ ವಕೀಲ, ಒಮ್ಮೆ ವೈದ್ಯ, ಒಮ್ಮೆ ಷೇರು ಮಾರುವ ಸಾಹುಕಾರ. ಸುಮಾರು ನೂರು ಚಿತ್ರ. ದೊರೆಯ ಚಿತ್ರಕ್ಕಿಂತ ಇವೇ ನನಗೆ ಹೆಚ್ಚು ಇಷ್ಟ. ದೊರೆ ಒಬ್ಬನೇ, ಮಕೇರ್ ಓಣಿಗೊಬ್ಬ.

ಕನ್ನಡಕ್ಕೂ ಕಲ್ಲಚ್ಚು ತಡವಾಗಿಯೇನೂ ಬರಲಿಲ್ಲ. 1841ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ಹೂಡಿತು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಅಲ್ಲಿಂದಲೇ ‘ಮಂಗಳೂರ ಸಮಾಚಾರ’ ಹೊರಡಿಸಿದ. 1850ರಲ್ಲಿ ಆತ ದಾಸರ ಪದಗಳನ್ನೂ ಪುಸ್ತಕ ಮಾಡಿದ. ಡಾಂಭಿಕ ಭಕ್ತರನ್ನು ಹಂಗಿಸುವ ದಾಸರ ಮಾತು ಪಾದ್ರಿಯ ಅಚ್ಚುಕೂಟದಲ್ಲಿ ಕಾಗದಕ್ಕೆ ಇಳಿಯಿತು! ಆದರೆ ಆ ಕಲ್ಲು ಅಕ್ಷರಕ್ಕೆ ದುಡಿಯಿತೇ ಹೊರತು ಮಕೇರ್‌ನಂಥವನಿಗೆ ಮುಖ ಕೊಡಲಿಲ್ಲ.

ನಮ್ಮ ಸೀಮೆಯಲ್ಲಂತೂ ಕುಚೋದ್ಯದ ಕೆಲಸ ರಂಗದ ಮೇಲಿನ ಆಟದ್ದಾಗಿತ್ತು. ಕುಲಗೋಡ ತಮ್ಮಣ್ಣ ರಂಗಕ್ಕೆ ತಂದ ಶ್ರೀಕೃಷ್ಣ ಪಾರಿಜಾತದಲ್ಲಿ ಇಬ್ಬರು ಹೆಂಡಿರ ನಡುವೆ ಸಿಕ್ಕ ದೇವರೂ ಉಳಿಯುವುದಿಲ್ಲ. ಭಾಗವತ ಅಡ್ಡಮಾತು ಹಾಕಿ ಹಾಕಿ ನಗಿಸುತ್ತಾನೆ. ಅಂಗಡಿ ಕಿಟಕಿಯ ಮುಂದಿನ ಜನದಂತೆ ಇಲ್ಲೂ ಓದು ಬಾರದವರೇ ಹೆಚ್ಚು. ಬ್ರಿಟಿಷರಿಗೂ ಆಟದ ಭಯವಿತ್ತು: 1876ರಲ್ಲಿ ನಾಟಕ ಪ್ರದರ್ಶನಗಳ ಮೇಲೆ ಕಾನೂನು ತಂದರು.

1942ರಲ್ಲಿ ರಾಶಿಯವರು ಬೆಂಗಳೂರಿನಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆ ಆರಂಭಿಸಿದಾಗ ಕಲ್ಲಿನ ಕಾಲ ಮುಗಿದು ಲೋಹದ ಬ್ಲಾಕ್ ಬಂದಿತ್ತು. ಅದಕ್ಕೆ ಚಿತ್ರ ಬರೆದುಕೊಡುತ್ತಿದ್ದವರಲ್ಲಿ ಮೈಸೂರಿನ ಹುಡುಗ ಆರ್. ಕೆ. ಲಕ್ಷ್ಮಣ್ ಒಬ್ಬರು.