ವಾಣಿಜ್ಯ ಕಟ್ಟಡದ ಅಂದಾಜು ವೆಚ್ಚ: ಲೆಕ್ಕ ಹಾಕುವ ಕ್ರಮ

ಅಂಗಡಿ ಮಳಿಗೆ, ಕಚೇರಿ, ಹೋಟೆಲ್, ಗೋದಾಮು ಮುಂತಾದ ಕಟ್ಟಡಗಳಿಗೆ ತಗಲುವ ಖರ್ಚನ್ನು ಕೆಲಸ ಶುರುವಾಗುವ ಮೊದಲೇ ಲೆಕ್ಕ ಹಾಕಿ ತಯಾರಿಸುವುದು ಅಂದಾಜು ಪಟ್ಟಿ. ಬ್ಯಾಂಕ್ ಸಾಲಕ್ಕೂ ಗುತ್ತಿಗೆದಾರರ ಆಯ್ಕೆಗೂ ಮುಂದೆ ಗೊತ್ತುಪಡಿಸುವ ಬಾಡಿಗೆಗೂ ಇದೇ ಆಧಾರ. ಹಣ ಸಾಲದೆ ಅರ್ಧಕ್ಕೆ ನಿಂತ ಕಟ್ಟಡದಿಂದ ಬಾಡಿಗೆ ಬರುವುದಿಲ್ಲ, ಬಡ್ಡಿಯಂತೂ ನಿಲ್ಲುವುದಿಲ್ಲ. ಹಾಗಾಗಿ ಅಂದಾಜನ್ನು ಅವಸರದಲ್ಲಿ ಮಾಡಿ ಮುಗಿಸಬಾರದು.

## ಚದರದ ಲೆಕ್ಕ

ಕರ್ನಾಟಕದಲ್ಲಿ ಕಟ್ಟಡದ ಮಾತು ಬಂದರೆ ಮೊದಲು ಕೇಳುವುದೇ ‘ಚದರಕ್ಕೆ ಎಷ್ಟು?’ ಎಂದು. ಒಂದು ಚದರವೆಂದರೆ 100 ಚದರ ಅಡಿ. ನಕ್ಷೆ ಇನ್ನೂ ಸಿದ್ಧವಾಗದ ಹಂತದಲ್ಲಿ, ಯೋಜನೆ ಕೈಗೆಟುಕುತ್ತದೆಯೇ ಎಂದು ತಿಳಿಯಲು ಈ ಲೆಕ್ಕ ಸಾಕು.

ಆದರೆ ನೆಲದ ಗುಣ ಚದರದ ದರದಲ್ಲಿ ಕಾಣುವುದಿಲ್ಲ. ಧಾರವಾಡ, ಗದಗ, ವಿಜಯಪುರ ಭಾಗದ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಅಲ್ಲಿ ಪಾಯ ಆಳಕ್ಕೆ ಹೋಗಬೇಕು ಅಥವಾ ಪೈಲ್ ಹಾಕಬೇಕು. ಬೆಂಗಳೂರು, ಕೋಲಾರದ ಕಡೆ ನೆಲಮಾಳಿಗೆ ಅಗೆಯುವಾಗ ಕಗ್ಗಲ್ಲು ಸಿಕ್ಕರೆ ಅಗೆತದ ಖರ್ಚು ಹಲವು ಪಟ್ಟು ಏರುತ್ತದೆ. ಆದ್ದರಿಂದ ಮಣ್ಣು ಪರೀಕ್ಷೆಯ ವರದಿ ಬಂದ ಮೇಲೆಯೇ ಪಾಯದ ಲೆಕ್ಕ ಹಾಕುವುದು ಸರಿ.

## ಪರಿಮಾಣದ ಲೆಕ್ಕ

ವಿವರವಾದ ಅಂದಾಜು ಹುಟ್ಟುವುದು ನಕ್ಷೆಯಿಂದ. ಮಣ್ಣು ಅಗೆತ, ಕಾಂಕ್ರೀಟ್, ಕಂಬಿ, ಗೋಡೆ, ಪ್ಲಾಸ್ಟರ್, ನೆಲಹಾಸು ಹೀಗೆ ಒಂದೊಂದು ಐಟಂನ ಉದ್ದ, ಅಗಲ, ಎತ್ತರ ಬರೆದು ಪರಿಮಾಣ ತೆಗೆಯುತ್ತಾರೆ.

10 ಮೀಟರ್ ಉದ್ದ, 6 ಮೀಟರ್ ಅಗಲ, 150 ಮಿಲಿಮೀಟರ್ ದಪ್ಪದ ಒಂದು ಛಾವಣಿಯನ್ನೇ ನೋಡೋಣ. ಇದು ಸುಮಾರು ಆರೂವರೆ ಚದರ. ಕಾಂಕ್ರೀಟ್ 9 ಘನ ಮೀಟರ್. ಎಂ20 ಮಿಶ್ರಣಕ್ಕೆ ಘನ ಮೀಟರಿಗೆ ಸುಮಾರು 8 ಚೀಲ ಸಿಮೆಂಟ್ ಹಿಡಿದರೆ 72 ಚೀಲ ಬೇಕು. ಕಂಬಿ ಕಾಂಕ್ರೀಟಿನ ಗಾತ್ರದ ಶೇ 1ರಷ್ಟಿದ್ದರೆ ತೂಕ ಸುಮಾರು 700 ಕೆ.ಜಿ. ತಳಭಾಗದ ಶಟರಿಂಗ್ 60 ಚದರ ಮೀಟರ್. ಅಂಚಿನ ಸುತ್ತಳತೆ 32 ಮೀಟರ್ ಇರುವುದರಿಂದ ಅದಕ್ಕೂ ಸುಮಾರು 5 ಚದರ ಮೀಟರ್ ಸೇರಿಸಬೇಕು. ಇಂಥ ಅಂಚುಗಳನ್ನು ಬಿಟ್ಟರೆ ನಾಲ್ಕು ಅಂತಸ್ತು ಮುಗಿಯುವ ಹೊತ್ತಿಗೆ ಅಂದಾಜಿನಲ್ಲಿ ದೊಡ್ಡ ಕೊರತೆ ಬೀಳುತ್ತದೆ.

ಅಳತೆಗೆ ಭಾರತೀಯ ಮಾನಕ ಐಎಸ್ 1200 ಇದೆ. ಪ್ಲಾಸ್ಟರ್ ಅಳೆಯುವಾಗ 0.5 ಚದರ ಮೀಟರ್‌ವರೆಗಿನ ಕಿಂಡಿಗಳನ್ನು ಅದರ ಪ್ರಕಾರ ಕಳೆಯುವುದಿಲ್ಲ. ಯಾವ ಕ್ರಮದಲ್ಲಿ ಅಳೆಯಬೇಕೆಂದು ಕರಾರಿನಲ್ಲೇ ಬರೆದಿದ್ದರೆ ಬಿಲ್ಲಿನ ಹೊತ್ತಿಗೆ ತಕರಾರು ಬರುವುದಿಲ್ಲ.

## ದರ ವಿಶ್ಲೇಷಣೆ

ಪ್ರತಿ ಐಟಂನ ದರದಲ್ಲಿ ಸಾಮಗ್ರಿ, ಪೋಲು, ಸಾಗಣೆ, ಕೂಲಿ, ಯಂತ್ರದ ಬಾಡಿಗೆ, ಗುತ್ತಿಗೆದಾರರ ಮೇಲುಖರ್ಚು ಮತ್ತು ಲಾಭ ಸೇರಿರುತ್ತವೆ. ಹೋಲಿಸಿ ನೋಡಲು ಲೋಕೋಪಯೋಗಿ ಇಲಾಖೆಯ ದರಪಟ್ಟಿ, ಅಂದರೆ ಎಸ್‌ಆರ್, ನೆರವಾಗುತ್ತದೆ. ಆದರೂ ಎಂ-ಸ್ಯಾಂಡ್ ಮತ್ತು ಜಲ್ಲಿಯ ಬೆಲೆ ಕ್ರಷರ್ ಎಷ್ಟು ದೂರದಲ್ಲಿದೆ ಎಂಬುದನ್ನು ಅವಲಂಬಿಸಿದೆ. ಹಾಗಾಗಿ ಸ್ಥಳೀಯ ದರ ವಿಚಾರಿಸದೆ ಅಂದಾಜು ಮುಗಿಸಬಾರದು.

## ಗೋಡೆಗಳಾಚೆಯ ಖರ್ಚು

ಮನೆಯ ಲೆಕ್ಕವನ್ನೇ ಹಿಗ್ಗಿಸಿದರೆ ವಾಣಿಜ್ಯ ಕಟ್ಟಡದ ಲೆಕ್ಕ ಆಗುವುದಿಲ್ಲ. ಲಿಫ್ಟ್, ಟ್ರಾನ್ಸ್‌ಫಾರ್ಮರ್, ಜನರೇಟರ್, ಅಗ್ನಿಶಾಮಕ ವ್ಯವಸ್ಥೆ, ಹವಾನಿಯಂತ್ರಣ, ಮಳೆನೀರು ಕೊಯ್ಲು, ಪಾರ್ಕಿಂಗ್ ಇವೆಲ್ಲ ಇಲ್ಲಿ ಪ್ರತ್ಯೇಕ ಐಟಂಗಳು. ನಿರ್ಮಿತ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ 2006ರ ಅಧಿಸೂಚನೆಯಂತೆ ಪರಿಸರ ಅನುಮತಿಯೂ ಬೇಕು. ವಾಸ್ತುಶಿಲ್ಪಿ ಮತ್ತು ಸ್ಟ್ರಕ್ಚರಲ್ ಎಂಜಿನಿಯರ್ ಶುಲ್ಕ, ನಕ್ಷೆ ಮಂಜೂರಾತಿ, ವಿದ್ಯುತ್ ಠೇವಣಿಗಳನ್ನೂ ಪಟ್ಟಿಯಲ್ಲಿ ಸೇರಿಸಬೇಕು.

## ತೆರಿಗೆ ಮತ್ತು ಸೆಸ್

ವಾಣಿಜ್ಯ ಕಟ್ಟಡದ ಗುತ್ತಿಗೆ ಕಾಮಗಾರಿಗೆ ಶೇ 18ರಷ್ಟು ಜಿಎಸ್‌ಟಿ ಇದೆ. ಬಾಡಿಗೆಗೆ ಕೊಡಲು ಸ್ವಂತವಾಗಿ ಕಟ್ಟಿಸುವವರಿಗೆ ಕಟ್ಟಡದ ಮೇಲೆ ತೆತ್ತ ಈ ತೆರಿಗೆ ಇನ್‌ಪುಟ್ ಕ್ರೆಡಿಟ್ ಆಗಿ ಮರಳುವುದಿಲ್ಲ. ಆದ್ದರಿಂದ ಅದನ್ನು ವೆಚ್ಚವೆಂದೇ ಹಿಡಿಯಬೇಕು. ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದಿದೆ. ಅದಕ್ಕೂ ಹಿಂದಿನ ಅಂದಾಜುಗಳಲ್ಲಿ ಈ ದರವನ್ನು ತಿದ್ದಬೇಕು. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕಾಗಿ ನಿರ್ಮಾಣ ವೆಚ್ಚದ ಶೇ 1ರಷ್ಟು ಸೆಸ್ ಕಟ್ಟಬೇಕು. ಗಾರೆ ಕೆಲಸದವರ, ಕಂಬಿ ಕಟ್ಟುವವರ ಮಕ್ಕಳ ಓದಿಗೂ ಚಿಕಿತ್ಸೆಗೂ ನೆರವಾಗುವ ಹಣವಿದು. ಇದನ್ನು ಉಳಿಸಲು ನೋಡಬಾರದು.

## ಅನಿರೀಕ್ಷಿತ ವೆಚ್ಚ ಮತ್ತು ಕಾಲ

ಮುಂಗಾಣಲಾಗದ ಕೆಲಸಗಳಿಗೆ ಸಾಮಾನ್ಯವಾಗಿ ಶೇ 3ರಿಂದ 5ರಷ್ಟು ಮೀಸಲಿಡುತ್ತಾರೆ. ನಕ್ಷೆ ಪೂರ್ತಿಯಾಗದಿದ್ದರೆ ಇದನ್ನು ಹೆಚ್ಚಿಸುವುದು ಕ್ಷೇಮ. ಉಕ್ಕಿನ ಬೆಲೆ ಏರಿದರೆ ಭಾರ ಯಾರದು ಎಂಬುದನ್ನೂ ಕರಾರಿನಲ್ಲಿ ಬರೆಯಬೇಕು. ಶೇ 10ರ ಬಡ್ಡಿಗೆ ಪಡೆದ ಒಂದು ಕೋಟಿ ರೂಪಾಯಿ ಸಾಲಕ್ಕೆ ಆರು ತಿಂಗಳ ವಿಳಂಬದಿಂದಲೇ 5 ಲಕ್ಷ ಬಡ್ಡಿ ಬೀಳುತ್ತದೆ. ಮಳೆಗಾಲಕ್ಕೆ ಮೊದಲೇ ಪಾಯ ಮುಗಿಯುವಂತೆ ಕೆಲಸದ ವೇಳಾಪಟ್ಟಿ ಹಾಕುವುದೂ ವೆಚ್ಚದ ಲೆಕ್ಕದ ಭಾಗವೇ.

## ಅಂದಾಜಿನ ಬಳಕೆ

ಎಲ್ಲ ಗುತ್ತಿಗೆದಾರರಿಗೂ ಒಂದೇ ಪರಿಮಾಣ ಪಟ್ಟಿ ಕೊಟ್ಟು ದರ ತುಂಬಿಸಿಕೊಂಡರೆ ಮಾತ್ರ ಅವರ ಕೊಟೇಶನ್‌ಗಳನ್ನು ಹೋಲಿಸಬಹುದು. ಒಟ್ಟು ಮೊತ್ತ ತೀರಾ ಕಡಿಮೆಯಿದ್ದರೆ ಯಾವ ಐಟಂ ಬಿಟ್ಟುಹೋಗಿದೆ ಎಂದು ಹುಡುಕಬೇಕು. ಕೆಲಸ ಶುರುವಾದ ಮೇಲೆ ಪ್ರತಿ ಬಿಲ್ಲನ್ನೂ ಪಟ್ಟಿಯೊಂದಿಗೆ ತಾಳೆ ನೋಡುತ್ತಾ ಹೋದರೆ, ಖರ್ಚು ಎಲ್ಲಿ ಮೀರುತ್ತಿದೆ ಎಂಬುದು ಪಾಯದ ಹಂತದಲ್ಲೇ ತಿಳಿಯುತ್ತದೆ. ಮುಂದಿನ ಅಂತಸ್ತನ್ನು ಮುಂದೂಡಲು ಅಥವಾ ನೆಲಹಾಸಿನ ಆಯ್ಕೆ ಬದಲಿಸಲು ಆಗ ಇನ್ನೂ ಅವಕಾಶವಿರುತ್ತದೆ.